ಇತಿಹಾಸದ ಪಠ್ಯವನ್ನು ಜಿಲ್ಲೆಗಳೇ ರೂಪಿಸಬೇಕೇ?

ಕರ್ನಾಟಕದ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನವೆಂದರೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನ ಒಂದಾಗಿರುವ ಪಠ್ಯ. ಇದರಲ್ಲಿ ಇತಿಹಾಸದ ಪಾಲಿಗೆ ಬರುವ ಪುಟಗಳೇ ಕಡಿಮೆ. ಆ ಪುಟಗಳಲ್ಲಿ ಮೂರನೇ ಒಂದು ಭಾಗವನ್ನು ಆಯಾ ಜಿಲ್ಲೆಯ ಶಿಕ್ಷಕರು ತಮ್ಮ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಮೂಲಕ ಜಿಲ್ಲೆಯ ಚರಿತ್ರೆಗಾಗಿ ರೂಪಿಸಬೇಕೇ, ಇಲ್ಲವೇ ಇಡೀ ರಾಜ್ಯಕ್ಕೆ ಒಂದೇ ಪುಸ್ತಕ ಇರಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಇಂಜಿನಿಯರೊಬ್ಬರ ಕಣ್ಣಿಗೆ ಬಿದ್ದ ಬಂಡೆಯ ಮೇಲೆ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ದೇವಾನಾಂಪ್ರಿಯನೇ ಅಶೋಕ ಎಂದು ಅಲ್ಲಿಯವರೆಗೆ ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದ ಸಂಗತಿಗೆ ಆ ಬಂಡೆ ನೇರ ಸಾಕ್ಷಿಯಾಯಿತು. ಮಸ್ಕಿಯ ಶಾಲೆಯಲ್ಲಿ ಅಶೋಕನ ಪಾಠವನ್ನು ಕಳಿಂಗ ಯುದ್ಧದಿಂದ ಆರಂಭಿಸಿ, ಊರಿನ ಬಂಡೆಯನ್ನು ಒಂದು ಸಾಲಿನಲ್ಲಿ ಮುಗಿಸುವುದು ಕಲಿಕೆಯ ದೃಷ್ಟಿಯಿಂದ ದೊಡ್ಡ ನಷ್ಟ. ರಾಜನ ಹೆಸರು ನಮಗೆ ಹೇಗೆ ತಿಳಿಯಿತು, ಯಾರು ಓದಿದರು, ಓದುವ ಮೊದಲು ಏನೆಂದು ನಂಬಿದ್ದರು ಎಂಬ ಪ್ರಶ್ನೆಗಳೇ ಇತಿಹಾಸದ ವಿದ್ಯೆ. ನಡೆದು ಹೋಗಿ ನೋಡಬಹುದಾದ ಸಾಕ್ಷಿಯ ಎದುರು ನಿಂತಾಗ ಹದಿಮೂರು ವರ್ಷದ ಮಕ್ಕಳೂ ಆ ಪ್ರಶ್ನೆಗಳನ್ನು ತಾವಾಗಿಯೇ ಕೇಳುತ್ತಾರೆ.

ಹತ್ತಿರದ ಚರಿತ್ರೆ ಮಗುವನ್ನು ಊರಿಗೆ ಕಟ್ಟಿಹಾಕುತ್ತದೆ ಎಂಬ ಆತಂಕಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು ಉತ್ತರ ಕೊಡುತ್ತದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗಾಗಿ ನೆಟ್ಟ ಕಲ್ಲು ಅದು. ಆ ನಾಯಿ ಗಂಗರ ಬೂತುಗನಿಂದ ಅವನ ವೀರನಾದ ಮಣಲೆಯರನಿಗೆ ಬಂದದ್ದು ತಕ್ಕೋಲದ ಯುದ್ಧದ ನಂತರ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಬೂತುಗ ಹೋರಾಡಿದ, ಚೋಳ ಯುವರಾಜ ರಾಜಾದಿತ್ಯ ಮಡಿದ ಆ ಯುದ್ಧ ನಡೆದದ್ದು 949ರಲ್ಲಿ, ಇಂದಿನ ತಮಿಳುನಾಡಿನಲ್ಲಿ. ಒಂದು ನಾಯಿಯ ಕಥೆಯಿಂದ ಹೊರಟ ಪಾಠ ಎರಡೇ ಮಾತಿನಲ್ಲಿ ದಕ್ಷಿಣ ಭಾರತದ ಮೂರು ರಾಜ್ಯಗಳ ರಾಜಕಾರಣಕ್ಕೆ ತಲುಪುತ್ತದೆ.

ಒಂದೇ ಪುಸ್ತಕ ಎಲ್ಲರಿಗೂ ಸಮವೆಂದು ಕಾಣುತ್ತದೆ, ಆದರೆ ಅದರ ಕಾಲಗಣನೆಯೇ ಎಲ್ಲರಿಗೂ ಹೊಂದುವುದಿಲ್ಲ. 1947ರ ಆಗಸ್ಟ್ 15ರಂದು ಬೀದರ್, ಕಲಬುರಗಿ, ರಾಯಚೂರು ಸೀಮೆಯ ಜನ ನಿಜಾಮರ ಆಳ್ವಿಕೆಯಲ್ಲೇ ಇದ್ದರು; ಅವರಿಗೆ ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರ್ 17ರಂದು. ಹಳೆಯ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಸ್ವಾತಂತ್ರ್ಯದ ನಂತರವೂ ‘ಮೈಸೂರು ಚಲೋ’ ಚಳವಳಿ ನಡೆಯಬೇಕಾಯಿತು. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿಯೇ ತನ್ನನ್ನು ಸ್ವತಂತ್ರವೆಂದು ಘೋಷಿಸಿಕೊಂಡಿತು, ಮರುವರ್ಷ ಅಲ್ಲಿನ ಐವರನ್ನು ಗಲ್ಲಿಗೇರಿಸಲಾಯಿತು. ಇವೆಲ್ಲವನ್ನೂ ಒಂದೊಂದು ಪ್ಯಾರಾಕ್ಕೆ ಇಳಿಸಿದಾಗ ಯಾವ ಜಿಲ್ಲೆಯ ಮಗುವಿಗೂ ತನ್ನ ಅಜ್ಜ ಅಜ್ಜಿಯರ ಕಾಲ ಪುಸ್ತಕದಲ್ಲಿ ಕಾಣುವುದಿಲ್ಲ. ಕೋಲಾರದ ಚಿನ್ನದ ಗಣಿಯೂ ಹಾಗೆಯೇ. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಹರಿದ ಹೆಮ್ಮೆ ಎಲ್ಲರಿಗೂ ಬಾಯಿಪಾಠವಾಗಿದೆ. ಪಾತಾಳದಲ್ಲಿ ದುಡಿದ, ಬಹುಪಾಲು ತಮಿಳು ಮಾತಾಡುವ ದಲಿತ ಕಾರ್ಮಿಕರ ಬದುಕು ಮತ್ತು 2001ರಲ್ಲಿ ಗಣಿ ಮುಚ್ಚಿದ ಮೇಲಿನ ಅವರ ಸಂಕಟ ಆ ಜಿಲ್ಲೆಯ ತರಗತಿಗಳಲ್ಲಾದರೂ ಪೂರ್ಣ ಪಾಠವಾಗಬೇಕು.

ಇದಕ್ಕೆ ಹೊಸ ವ್ಯವಸ್ಥೆ ಬೇಕಿಲ್ಲ. ಎಸ್‌ಎಸ್‌ಎಲ್‌ಸಿಯ ನೂರರಲ್ಲಿ 20 ಅಂಕಗಳು ಈಗಾಗಲೇ ಆಂತರಿಕ ಮೌಲ್ಯಮಾಪನಕ್ಕಿವೆ. ಪೇಟೆಯ ಅಂಗಡಿಯಿಂದ ಚಾರ್ಟ್ ಕೊಂಡು ಅಂಟಿಸುವ ಚಟುವಟಿಕೆಯ ಬದಲು ಊರಿನ ಒಂದು ಶಾಸನವನ್ನೋ, ಹಿರಿಯರ ನೆನಪನ್ನೋ ದಾಖಲಿಸಿ ಪ್ರಶ್ನಿಸುವ ಕೆಲಸಕ್ಕೆ ಆ ಅಂಕಗಳನ್ನು ಕೊಡಬಹುದು. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಬೆಸೆಯಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದು ಇಂಥ ಕೆಲಸವನ್ನೇ.

ವಿರೋಧ

ಕಲ್ಲಿನ ಎದುರು ಮಗುವನ್ನು ನಿಲ್ಲಿಸುವುದು ಒಳ್ಳೆಯದೇ. ಆದರೆ ಆ ಕಲ್ಲನ್ನು ನಿಲ್ಲಿಸಿದವರು ಯಾರು ಎಂದು ಮೊದಲು ಕೇಳಬೇಕು. ಆತಕೂರಿನಲ್ಲಿ ನಾಯಿಯ ಹೆಸರು ಸಾವಿರ ವರ್ಷಕ್ಕೂ ಮೀರಿ ಉಳಿದಿದೆ. ಅದೇ ಕಾಲದಲ್ಲಿ ಆ ಸೀಮೆಯ ಹೊಲಗಳಲ್ಲಿ ದುಡಿದು ಸತ್ತವರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆಸುವ ಶಕ್ತಿ ಅವರ ಮನೆಯವರಿಗೆ ಇರಲಿಲ್ಲ. ಶಾಸನಗಳಲ್ಲಿ ಹೆಚ್ಚಿನವು ದಾನ ಕೊಟ್ಟವರ, ಗೆದ್ದವರ, ಒಡೆಯರ ಮಾತು. ಊರಿನ ಮೌಖಿಕ ನೆನಪೂ ಬಹುಮಟ್ಟಿಗೆ ಅದೇ ಮನೆಗಳ ಜಗಲಿಯಲ್ಲಿ ಬೆಳೆದದ್ದು. ಜಿಲ್ಲೆಯ ಚರಿತ್ರೆಯನ್ನು ಜಿಲ್ಲೆಯವರೇ ಬರೆಯಲಿ ಎಂದಾಗ ಪೆನ್ನು ಯಾರ ಕೈಗೆ ಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಮಠ, ದೇವಸ್ಥಾನದ ಸಮಿತಿ, ಪ್ರಬಲ ಜಾತಿಯ ಸಂಘ, ಸ್ಥಳೀಯ ಜನಪ್ರತಿನಿಧಿ, ಇಷ್ಟೂ ಜನರ ಮಾತನ್ನು ತಳ್ಳಿಹಾಕಿ ಸ್ಥಳಪುರಾಣವನ್ನು ಸ್ಥಳಪುರಾಣವೆಂದೇ ಬರೆಯುವ ಧೈರ್ಯವನ್ನು ವರ್ಗಾವಣೆಯ ಭಯದಲ್ಲಿರುವ ಒಬ್ಬ ಶಿಕ್ಷಕಿಯಿಂದ ನಿರೀಕ್ಷಿಸುವುದು ಅನ್ಯಾಯ.

ಸಂವಿಧಾನ ಸಭೆಯಲ್ಲಿ 1948ರ ನವೆಂಬರ್ 4ರಂದು ಮಾತನಾಡಿದ ಅಂಬೇಡ್ಕರ್ ಅವರು ಹಳ್ಳಿಯನ್ನು ಸಂಕುಚಿತತೆಯ, ಅಜ್ಞಾನದ ಬೀಡೆಂದು ಕರೆದು, ಕರಡು ಸಂವಿಧಾನವು ಹಳ್ಳಿಯ ಬದಲು ವ್ಯಕ್ತಿಯನ್ನು ಘಟಕವಾಗಿ ಒಪ್ಪಿದ್ದಕ್ಕೆ ಸಂತೋಷಪಟ್ಟರು. ಪಠ್ಯಕ್ರಮಕ್ಕೂ ಆ ವಿವೇಕ ಬೇಕು. ಕೆರೆಯ ನೀರು ಮುಟ್ಟಲು ತನ್ನ ಮುತ್ತಜ್ಜನಿಗೆ ಬಿಡದಿದ್ದ ಊರಿನ ಹುಡುಗಿಗೆ ಆ ಕೆರೆ ಕಟ್ಟಿಸಿದ ಪಾಳೆಯಗಾರನ ಔದಾರ್ಯದ ಪಾಠಕ್ಕಿಂತ, 1927ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಮಹಾಡ್‌ನ ಚವದಾರ್ ಕೆರೆಯಲ್ಲಿ ಅಂಬೇಡ್ಕರ್ ನೇತೃತ್ವದಲ್ಲಿ ಸಾವಿರಾರು ದಲಿತರು ನೀರು ಕುಡಿದ ಪಾಠ ಹತ್ತಿರದ್ದಾಗುತ್ತದೆ. ದೂರದ ಚರಿತ್ರೆ ಕೆಲವು ಮಕ್ಕಳಿಗೆ ಏಕೈಕ ಆಸರೆ. ಮೂರನೇ ಒಂದು ಭಾಗ ಜಿಲ್ಲೆಗೆ ಹೋದರೆ ಕತ್ತರಿ ಬೀಳುವುದು ಇಂಥ ಪಾಠಗಳಿಗೇ ಎಂಬ ಭಯ ನನಗಿದೆ.

ಇನ್ನು ‘ನಮ್ಮ ಜಿಲ್ಲೆ’ ಎಂದರೆ ಯಾವುದು? ವಿಜಯನಗರ ಜಿಲ್ಲೆ 2021ರಲ್ಲಿ ಬಳ್ಳಾರಿಯಿಂದ ಬೇರೆಯಾಯಿತು. ಹಂಪಿಯ ಚರಿತ್ರೆ ಆಡಳಿತದ ಗೆರೆಯನ್ನು ಕೇಳಿ ನಡೆದದ್ದಲ್ಲ. ಯಾದಗಿರಿಯಿಂದ, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರ ಮಕ್ಕಳು ವರ್ಷದ ನಡುವೆ ಶಾಲೆ ಬದಲಿಸುತ್ತಾರೆ. ರಾಜ್ಯವ್ಯಾಪಿ ಪುಸ್ತಕ ಅವರ ಚೀಲದಲ್ಲಿ ಬದಲಾಗದೆ ಉಳಿಯುವ ಕೆಲವೇ ವಸ್ತುಗಳಲ್ಲಿ ಒಂದು. ಆಂತರಿಕ ಅಂಕಗಳ ಮಾತೂ ಅಷ್ಟು ಸರಳವಲ್ಲ, ಏಕೆಂದರೆ ಮ್ಯೂಸಿಯಂ, ವಿಶ್ವವಿದ್ಯಾಲಯ, ಗ್ರಂಥಾಲಯಗಳಿರುವ ಮೈಸೂರಿನ ಮಗುವಿಗೆ ಸಿಗುವ ಸ್ಥಳೀಯ ಚರಿತ್ರೆಗೂ ಇವೊಂದೂ ಇಲ್ಲದ ತಾಲ್ಲೂಕಿನ ಮಗುವಿಗೆ ಸಿಗುವುದಕ್ಕೂ ಅಂತರ ದೊಡ್ಡದಿರುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಪರಿಶೀಲನೆಯ ಪ್ರಶ್ನೆ. 2022ರಲ್ಲಿ ರಾಜ್ಯದ ಪಠ್ಯಪುಸ್ತಕಗಳ ಪರಿಷ್ಕರಣೆಯ ವಿರುದ್ಧ ಎದ್ದ ವಿವಾದ, 2023ರಲ್ಲಿ ಹೊಸ ಸರ್ಕಾರ ಮಾಡಿದ ಬದಲಾವಣೆ, ಎರಡೂ ನೋಯಿಸುವಂಥವೇ. ಆದರೂ ಅಲ್ಲಿ ಒಂದು ಪುಸ್ತಕವಿತ್ತು. ಸಾಹಿತಿಗಳು, ಪೋಷಕರು, ಪತ್ರಿಕೆಗಳು, ವಿರೋಧ ಪಕ್ಷಗಳು ಅದೇ ಪುಟವನ್ನು ಓದಿ ಜಗಳವಾಡಿದವು, ಏನು ಸೇರಿತು, ಏನು ಹೋಯಿತು ಎಂಬುದು ಬಹಿರಂಗವಾಯಿತು. ಮೂವತ್ತೊಂದು ಜಿಲ್ಲೆಗಳ ಕಿರುಪುಸ್ತಕಗಳನ್ನು ಅಷ್ಟು ಶ್ರದ್ಧೆಯಿಂದ ಓದುವವರು ಯಾರು? ತಪ್ಪು ಅಲ್ಲಿ ಸದ್ದಿಲ್ಲದೆ ನುಸುಳಿ, ವರ್ಷಗಟ್ಟಲೆ ಮಕ್ಕಳ ತಲೆಯಲ್ಲಿ ಉಳಿಯುತ್ತದೆ.

ಆದ್ದರಿಂದ ಮಸ್ಕಿಯ ಬಂಡೆ, ಈಸೂರಿನ ಬಂಡಾಯ, ಕಲ್ಯಾಣ ಕರ್ನಾಟಕದ ಸೆಪ್ಟೆಂಬರ್ 17, ಕೆಜಿಎಫ್‌ನ ಕಾರ್ಮಿಕರು ರಾಜ್ಯದ ಸಾಮಾನ್ಯ ಪುಸ್ತಕದಲ್ಲಿಯೇ ವಿಸ್ತಾರವಾಗಿ ಬರಲಿ. ಕೋಲಾರದ ಮಗುವಿನಷ್ಟೇ ಕಾರವಾರದ ಮಗುವೂ ಅವುಗಳನ್ನು ಓದಲಿ. ಜಿಲ್ಲೆಗಳ ಕಿರುಪುಸ್ತಕಗಳಿಗೆ ಬೇಕಾಗುವ ಹಣವನ್ನು ಪ್ರೌಢಶಾಲೆಗಳಲ್ಲಿ ಖಾಲಿ ಇರುವ ಸಮಾಜ ವಿಜ್ಞಾನ ಶಿಕ್ಷಕರ ಹುದ್ದೆಗಳನ್ನು ತುಂಬಲು ಮತ್ತು ಆ ಶಿಕ್ಷಕರಿಗೆ ಶಾಸನವೊಂದನ್ನು ಅನುಮಾನದಿಂದ ಓದುವ ತರಬೇತಿ ಕೊಡಲು ಬಳಸಬೇಕು.