ರಜೆ ಅರ್ಜಿಯಲ್ಲಿ ‘ಕಾರಣ’ ಅನ್ನೋ ಕಾಲಂ

ಅಕ್ಕ ಅಡುಗೆಮನೆ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರಜೆ ಅರ್ಜಿ ತುಂಬುತ್ತಿದ್ದಳು. ದಿನಾಂಕ ಆಯಿತು, ಎಷ್ಟು ದಿನ ಅನ್ನುವುದೂ ಆಯಿತು. ‘ಕಾರಣ’ ಅನ್ನೋ ಕಾಲಂಗೆ ಬಂದು ಕೈ ನಿಂತಿತು.

“ಇದಕ್ಕೆ ಏನೋ ಬರೀಲಿ?” ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಹನ್ನೊಂದು ವರ್ಷದಿಂದ ಜರ್ಮನಿಯಲ್ಲಿದ್ದೇನೆ. ನಮ್ಮ ಆಫೀಸಿನ ರಜೆ ಫಾರಂನಲ್ಲಿ ಆ ಕಾಲಂ ಇಲ್ಲ.

ನಮ್ಮಿಬ್ಬರಿಗೂ ಒಂದೂವರೆ ವರ್ಷದ ಅಂತರದಲ್ಲಿ ಕ್ಯಾನ್ಸರ್ ಬಂತು. ಅವಳಿಗೆ ಬೆಂಗಳೂರಲ್ಲಿ, ಸ್ತನದ್ದು. ನನಗೆ ಸ್ಟುಟ್‌ಗಾರ್ಟ್‌ನಲ್ಲಿ, ಲಿಂಫೋಮಾ. ಇಬ್ಬರೂ ಸದ್ಯಕ್ಕೆ ಚೆನ್ನಾಗಿದ್ದೇವೆ. ಇದು ಯಾರ ಕಣ್ಣು ಅಂತ ಅಮ್ಮ ಇನ್ನೂ ಹುಡುಕುತ್ತಿದ್ದಾಳೆ.

ನನಗೆ ಮೊದಲ 6 ವಾರ ಆಫೀಸು ಪೂರ್ತಿ ಸಂಬಳ ಕೊಟ್ಟಿತು. ಆಮೇಲೆ ಆರೋಗ್ಯ ವಿಮೆಯವರು. ಒಟ್ಟು ಸಂಬಳದ ಶೇ. 70, ಆದರೆ ಕೈಗೆ ಸಿಗುತ್ತಿದ್ದದ್ದರ ಶೇ. 90 ದಾಟುವ ಹಾಗಿಲ್ಲ. ಒಂದೇ ಕಾಯಿಲೆಗೆ 3 ವರ್ಷದಲ್ಲಿ 78 ವಾರದವರೆಗೆ ಇದು ನಡೆಯುತ್ತದೆ, ಆಫೀಸು ಕೊಟ್ಟ 6 ವಾರವೂ ಅದರಲ್ಲೇ ಸೇರಿತು. ಆಫೀಸಿಗೆ ಹೋಗುವ ಸರ್ಟಿಫಿಕೇಟಿನಲ್ಲಿ ಕಾಯಿಲೆಯ ಹೆಸರಿರುವುದಿಲ್ಲ, ಕೆಲಸಕ್ಕೆ ಬರಲಾಗದು ಅಂತಷ್ಟೇ ಇರುತ್ತದೆ. ವಾಪಸ್ ಹೋದಾಗಲೂ ಮೊದಲು ದಿನಕ್ಕೆ 2 ಗಂಟೆ, ಆಮೇಲೆ 4, ಆಮೇಲೆ 6. ಅಲ್ಲಿ ಇದಕ್ಕೆ ಹ್ಯಾಂಬರ್ಗ್ ಮಾದರಿ ಅನ್ನುತ್ತಾರೆ.

ಅಕ್ಕನ ಲೆಕ್ಕ ಬೇರೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ವರ್ಷಕ್ಕೆ 12 ದಿನ ಸಿಕ್ ಲೀವ್. ಅದು ಆಪರೇಷನ್‌ಗೇ ಮುಗಿಯಿತು. ಕೂಡಿಟ್ಟ ರಜೆ ಕೀಮೋಗೆ ಹೋಯಿತು. ಮಿಕ್ಕಿದ್ದು ಲಾಸ್ ಆಫ್ ಪೇ, ಅಂದರೆ ಸಂಬಳವಿಲ್ಲದ ರಜೆ. ರೇಡಿಯೇಷನ್ ಹೊತ್ತಿಗೆ ಬೆಳಗ್ಗೆ ಏಳಕ್ಕೆ ಆಸ್ಪತ್ರೆಗೆ ಹೋಗಿ, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ, ಒಂಬತ್ತೂವರೆಗೆ ಲಾಗಿನ್ ಆಗುತ್ತಿದ್ದಳು. ತಮಾಷೆ ಅಂದರೆ, ಇಎಸ್‌ಐ (ಸರ್ಕಾರದ ನೌಕರರ ರಾಜ್ಯ ವಿಮೆ) ಇರುವವರಿಗೆ ಕ್ಯಾನ್ಸರ್ ಬಂದರೆ ಸಂಬಳದ ಶೇ. 80 ಭಾಗ ಎರಡು ವರ್ಷದ ತನಕ ಸಿಗುವ ಅವಕಾಶ ನಮ್ಮಲ್ಲೂ ಇದೆ. ಆದರೆ ಸಂಬಳ ತಿಂಗಳಿಗೆ 21,000 ರೂಪಾಯಿ ಮೀರಿರಬಾರದು. ಅಕ್ಕನ ಆಫೀಸಿನ ಗೇಟಲ್ಲಿ ನಿಲ್ಲುವ ಸೆಕ್ಯೂರಿಟಿಯವರಿಗೆ ಇರುವ ಹಕ್ಕು ಒಳಗೆ ಕೂತವಳಿಗಿಲ್ಲ.

ಕೆಲಸ ಬಿಟ್ಟುಬಿಡು ಅಂತ ನಾನೂ ದಡ್ಡನ ಹಾಗೆ ಹೇಳಿದ್ದೆ. ಬಿಟ್ಟರೆ ಆಫೀಸಿನ ಗ್ರೂಪ್ ಇನ್ಶೂರೆನ್ಸ್ ಹೋಯಿತು. ಹೊಸ ಪಾಲಿಸಿಯವರು ಮೊದಲೇ ಇದ್ದ ಕಾಯಿಲೆಗೆ 3 ವರ್ಷ ಕಾಯಿಸಬಹುದು. 2024ಕ್ಕೆ ಮುಂಚೆ 4 ವರ್ಷ ಇತ್ತು. ಹಾಗಾಗಿ ಕ್ಯಾನ್ಸರ್ ಬಂದವರೇ ಕೆಲಸವನ್ನು ಜಾಸ್ತಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಇಷ್ಟು ಕಾನೂನಿನ ಮಾತು. ನನ್ನ ತಕರಾರು ಆ ಕಾಲಂ ಬಗ್ಗೆ.

ಚಿಕಿತ್ಸೆ ಮುಗಿದ ಮೇಲೆ ಮೂರು ತಿಂಗಳು ಸಂಬಳವಿಲ್ಲದ ರಜೆ ಕೇಳಿದೆ. ಬಾಸ್ ಒಂದೇ ಸಾಲಿನಲ್ಲಿ ಸರಿ ಅಂದರು. ಹನುಮಂತನಗರದ ಮನೆಗೆ ಬಂದು ಅಪ್ಪನ ವಾಲ್ವ್ (ಬಲ್ಬಿನಂಥ ಗಾಜಿನ ಕೊಳವೆ) ರೇಡಿಯೋವನ್ನು ಬೀರು ಮೇಲಿಂದ ಇಳಿಸಿದೆ. ಅದು ಕೆಟ್ಟು ಮೂವತ್ತು ವರ್ಷವಾಗಿತ್ತು. ಕೀಮೋ ಕೋಣೆಯಲ್ಲಿ ಕೂತಾಗ ಒಂದೇ ಆಸೆ ಇತ್ತು, ಅದರ ಮುಳ್ಳು 612 ಕಿಲೋಹರ್ಟ್ಸ್‌ಗೆ ಬಂದು ಬೆಂಗಳೂರು ಆಕಾಶವಾಣಿ ಕೇಳಬೇಕು ಅಂತ. ಯಾಕೆ ಅಂತ ಕೇಳಬೇಡಿ.

ಆದರೆ ಎಲ್ಲರೂ ಕೇಳಿದರು. “ರಜೆ ಹಾಕಿ ರೇಡಿಯೋ ರಿಪೇರಿನಾ?” ಧರ್ಮಸ್ಥಳಕ್ಕೆ ಹರಕೆ ತೀರಿಸಲು ಬಂದೆ ಅಂದಿದ್ದರೆ ಒಬ್ಬರೂ ಕೇಳುತ್ತಿರಲಿಲ್ಲ. ನಮ್ಮಲ್ಲಿ ರಜೆಗೆ ಬಡತನವೇನಿಲ್ಲ. ಮಗನ ಪಿಯು ಪರೀಕ್ಷೆಗೆ ತಿಂಗಳು ರಜೆ ಹಾಕುತ್ತಾರೆ. ಮಗಳ ಬಾಣಂತನಕ್ಕೆ ಹಾಕುತ್ತಾರೆ. ಮನೆ ಕಟ್ಟಿಸುವಾಗ ಮೇಸ್ತ್ರಿ ಹಿಂದೆ ನಿಲ್ಲೋದಕ್ಕೂ ಹಾಕುತ್ತಾರೆ. ರಜೆ ಇನ್ನೊಬ್ಬರ ಹೆಸರಿನಲ್ಲಿರಬೇಕು, ಅಷ್ಟೇ. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ರೇಡಿಯೋಗೆ ಬೇಕಾದ 630 ವೋಲ್ಟಿನ ಕೆಪಾಸಿಟರ್ ಕೇಳಿದಾಗ ಅಂಗಡಿ ಹುಡುಗ ಏನಂದ ಗೊತ್ತಾ? “ಮಗನ ಕಾಲೇಜ್ ಪ್ರಾಜೆಕ್ಟಾ ಸರ್?”

ಹಳೇ ರೇಡಿಯೋವನ್ನು ನೇರವಾಗಿ ಕರೆಂಟಿಗೆ ಹಾಕುವಂತಿಲ್ಲ. ಮೇಣದ ಕಾಗದದ ಹಳೇ ಕೆಪಾಸಿಟರ್‌ಗಳು ಒಳಗೇ ಸೋರುತ್ತಿರುತ್ತವೆ, ಮೊದಲು ಅವನ್ನು ಬದಲಾಯಿಸಬೇಕು. ಆಮೇಲೂ ಸೀರೀಸ್‌ನಲ್ಲಿ, ಅಂದರೆ ಕರೆಂಟು ಬಲ್ಬ್ ದಾಟಿಯೇ ರೇಡಿಯೋಗೆ ಹೋಗುವ ಹಾಗೆ, 60 ವ್ಯಾಟಿನ ಬಲ್ಬ್ ಹಾಕಿ ನೋಡಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿದು ಹೇಳಿಬಿಡುತ್ತದೆ. ನನ್ನದು ಇನ್ನೊಂದು ಪಾಡು. ಕೀಮೋದಿಂದ ಬೆರಳ ತುದಿಗೆ ಜೋಮು ಹಿಡಿದಂತೆ ಇದೆ, ಸ್ಕ್ರೂ ಹಿಡಿದದ್ದೇ ತಿಳಿಯಲ್ಲ. ಒಂದು ದಿನ ಸೋಲ್ಡರಿಂಗ್ ಕಡ್ಡಿ ತೋರುಬೆರಳಿಗೆ ತಗಲಿತ್ತು. ನನಗೆ ಗೊತ್ತಾಗಿದ್ದು ವಾಸನೆಯಿಂದ. ಆವತ್ತಿನಿಂದ ಅಕ್ಕ ಶನಿವಾರ ಶನಿವಾರ ಬಂದು ಇಕ್ಕಳ ಹಿಡಿಯತೊಡಗಿದಳು. ಡಯಲಿನ ದಾರವನ್ನು ಅವಳೇ ಹೊಸದಾಗಿ ಸುತ್ತಿದಳು. ಮೂರು ಸಲ ಜಾರಿತು, ನಾಲ್ಕನೇ ಸಲ ನಿಂತಿತು. ಕಾಯಿಲೆ ಬಂದ ಮೇಲೆ ಅವಳು ಫೋನ್ ನೋಡದೆ ಎರಡು ಗಂಟೆ ಕೂತಿದ್ದನ್ನು ನಾನು ಮೊದಲ ಸಲ ನೋಡಿದೆ.

ಜರ್ಮನಿ ಸ್ವರ್ಗ ಅಂತ ಹೇಳುತ್ತಿಲ್ಲ. ಅಲ್ಲಿ ಯಾಕೆ ಅಂತ ಯಾರೂ ಕೇಳಲ್ಲ ನಿಜ, ಹೇಗಿದ್ದೀಯಾ ಅಂತಲೂ ಜಾಸ್ತಿ ಜನ ಕೇಳಲ್ಲ. ಕೂದಲು ಉದುರಿದ ವಾರ ಪಕ್ಕದ ಮನೆಯವರು ಮೆಟ್ಟಿಲಲ್ಲಿ ಸಿಕ್ಕು ಹಲೋ ಅಂದು ಇಳಿದುಹೋದರು. ಅದೇ ಅಕ್ಕನಿಗೆ ಮೂರು ಬೀದಿಯಿಂದ ಗಂಜಿ, ಸಾರು ಬಂತು. ತಂದವರೆಲ್ಲ ಒಂದು ಗಂಟೆ ಕೂತು, ತಮಗೆ ಗೊತ್ತಿರುವ ಕ್ಯಾನ್ಸರ್ ಸಾವುಗಳನ್ನೆಲ್ಲ ಹೇಳಿ ಹೋದರು ಅನ್ನುವುದು ಬೇರೆ ಮಾತು. ಎರಡರಲ್ಲಿ ಒಂದು ಆರಿಸು ಅಂದರೆ ಸಾರು ಬೇಕು ಅನಿಸುತ್ತದೆ. ಆದರೆ ರಜೆಯ ಮಟ್ಟಿಗೆ ನನಗೆ ಕೇಳದಿರುವವರೇ ಸರಿ.

ಈಗ ನನ್ನ ರಜೆ ಮುಗಿಯುತ್ತಿದೆ. ಒಂದು ವಾಲ್ವ್ ಇನ್ನೂ ಸಿಕ್ಕಿಲ್ಲ. “ಇಲ್ಲೇ ಬಿಟ್ಟು ಹೋಗು, ನಾನು ಮುಗಿಸ್ತೀನಿ” ಅಂದ ಅಕ್ಕ ಎರಡು ವಾರ ಲಾಸ್ ಆಫ್ ಪೇ ಹಾಕಲು ಕೂತಿದ್ದು ಅದಕ್ಕೇ. ಕಾಲಂನಲ್ಲಿ ಕೊನೆಗೆ ‘ರಿಪೇರಿ ಕೆಲಸ’ ಅಂತ ಬರೆದಳು. ಹತ್ತೇ ನಿಮಿಷದಲ್ಲಿ ಮ್ಯಾನೇಜರ್ ಫೋನ್ ಬಂತು. ಪಾಪ, ಒಳ್ಳೆಯವರು. ಸ್ಪೀಕರ್‌ನಲ್ಲಿ ಹಾಕಿದಳು.

“ಮೇಡಂ, ಆರೋಗ್ಯ ಸರಿ ಇದೆ ತಾನೇ? ಏನು ರಿಪೇರಿ?”

“ರೇಡಿಯೋ, ಸರ್.”

ಆ ಕಡೆ ಒಂದು ಕ್ಷಣ ಮಾತಿಲ್ಲ.

“ಅಯ್ಯೋ, ರೇಡಿಯೇಷನ್ ಇನ್ನೂ ಮುಗಿದಿಲ್ವಾ ಮೇಡಂ? ತಗೊಳ್ಳಿ, ತಗೊಳ್ಳಿ. ಈಗಲೇ ಅಪ್ರೂವ್ ಮಾಡ್ತೀನಿ.”

ಅಕ್ಕ ನನ್ನ ಮುಖ ನೋಡಿದಳು. “ಹೂಂ ಸರ್” ಅಂದಳು.