ಪಹಣಿ ಇದೆ, ಟಿಕೆಟ್ ಇಲ್ಲ

ಕ್ವಾಲಾಲಂಪುರಕ್ಕೆ ಹೋಗುವ ಟಿಕೆಟ್ ಮಾತ್ರ ಮಾಡಿಸು, ಬರೋದು ಆಮೇಲೆ ನೋಡೋಣ ಎಂದು ಚಿಕ್ಕಪ್ಪ ಖಡಾಖಂಡಿತವಾಗಿ ಹೇಳಿದ್ದರು. ಯಾಕೆ ಅಂತ ಕೇಳುವ ಹಾಗೇ ಇರಲಿಲ್ಲ. ಭಾಗದ ಕೇಸು. ಮುಂದಿನ ವಾಯಿದೆ ಯಾವತ್ತು ಬೀಳುತ್ತದೋ ವಕೀಲರು ಫೋನ್ ಮಾಡಿ ಹೇಳಬೇಕು. ಅವರು ಹೇಳಿದ ದಿನ ಚಿಕ್ಕಪ್ಪ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಚಿಕ್ಕಬಳ್ಳಾಪುರದ ಕೋರ್ಟ್ ಆವರಣದಲ್ಲಿ ನಿಂತಿರಬೇಕು.

ಈ ಕೇಸಿನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದದ್ದು 2008ರ ಮೇ ತಿಂಗಳಲ್ಲಿ. ನಮ್ಮ ಮನೆಯ ಕೇಸು ಅದಕ್ಕಿಂತ ಹಳೆಯದು. ಏರ್‌ಪೋರ್ಟ್ ಬರುತ್ತದಂತೆ ಅನ್ನೋ ಸುದ್ದಿಗೇ ಜಮೀನಿನ ರೇಟು ಏರಿತು. ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದವರು ಸರ್ವೆ ನಂಬರ್ ಹಿಡಿದು ಕೋರ್ಟ್ ಮೆಟ್ಟಿಲು ಹತ್ತಿದರು. ಫೈಲಿನ ಹಳೇ ಹಾಳೆಗಳಲ್ಲಿ ಈಗಲೂ ಕೋಲಾರ ಜಿಲ್ಲೆ ಎಂದೇ ಇದೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಜಿಲ್ಲೆಗೇ ಭಾಗ ಸಿಕ್ಕಿತು, ಚಿಕ್ಕಪ್ಪನಿಗೆ ಸಿಗಲಿಲ್ಲ.

ಅವರ ಮಗಳು, ಅಂದರೆ ನನ್ನ ತಂಗಿ, ಮಲೇಷ್ಯಾದಲ್ಲಿದ್ದಾಳೆ. ಬನ್ನಿ ಬನ್ನಿ ಎಂದು ಕರೆಯುತ್ತಲೇ ಇದ್ದಳು. 2023ರ ಡಿಸೆಂಬರ್ 1ರಿಂದ ಭಾರತದವರಿಗೆ ಅಲ್ಲಿ ವೀಸಾ ಬೇಡ, 30 ದಿನ ಇರಬಹುದು ಎಂದ ಮೇಲಂತೂ ಚಿಕ್ಕಪ್ಪನಿಗೆ ಮಲೇಷ್ಯಾ ಅಂದರೆ ಗೌರಿಬಿದನೂರಿನ ಪಕ್ಕದ ಹೋಬಳಿ ಆಗಿಹೋಯಿತು. ವೀಸಾ ಇಲ್ಲದಿದ್ದರೂ ವಾಪಸ್ ಬರುವ ಟಿಕೆಟ್ ಕೇಳುತ್ತಾರೆ ಎಂದು ನಾನು ಹೇಳಿದ್ದೆ. ಚಿಕ್ಕಮ್ಮನೇ ಸಾಕ್ಷಿ. "ಟಿಕೆಟ್ ಮಾಡಿಸಿಬಿಟ್ಟು, ಆಮೇಲೆ ವಾಯಿದೆ ಅದಕ್ಕಿಂತ ಮುಂಚೆ ಬಿದ್ದರೆ ಯಾರಪ್ಪನ ದುಡ್ಡು?" ಎಂದರು ಚಿಕ್ಕಪ್ಪ. ಅಲ್ಲಿಗೆ ಚರ್ಚೆ ಮುಗಿಯಿತು. ನಾನೂ ಜೊತೆಗೆ ಹೋಗುವವನಾದ್ದರಿಂದ ಮೂರೂ ಟಿಕೆಟ್ ಒಂದೇ ಕಡೆಯವು.

ಚಿಕ್ಕಬಳ್ಳಾಪುರದಲ್ಲಿರುವ ನಮಗೆ ಒಂದು ಸುಖ ಉಂಟು. ಬೆಂಗಳೂರಿನವರು ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತು ದೇವರ ನಾಮ ಹೇಳುವ ಹೊತ್ತಿಗೆ ನಾವು ಮನೆಯಲ್ಲಿ ಊಟ ಮಾಡಿ, ಮಜ್ಜಿಗೆ ಕುಡಿದು, ಹೈವೇ ಹಿಡಿದು ಆರಾಮಾಗಿ ಏರ್‌ಪೋರ್ಟ್ ತಲುಪುತ್ತೇವೆ. ಎರಡನೇ ಟರ್ಮಿನಲ್ ನೋಡಿ ಚಿಕ್ಕಮ್ಮ ಬಾಗಿಲಲ್ಲೇ ನಿಂತರು. ಮೇಲಿಂದ ತೂಗುಬಿಟ್ಟ ಗಿಡಗಳು, ಬಿದಿರಿನ ಚಾವಣಿ. "ಇವಕ್ಕೆಲ್ಲ ನೀರು ಹಾಕೋರು ಯಾರೋ?" ಎಂದರು. ಬೋರ್‌ವೆಲ್ ಬತ್ತಿದ ಊರಿನವರು ಬೇರೆ ಏನು ಕೇಳುತ್ತಾರೆ.

ಕೌಂಟರಿನಲ್ಲಿದ್ದ ಹುಡುಗಿ ಚೆನ್ನಾಗಿಯೇ ಮಾತಾಡಿಸಿದಳು. ಪಾಸ್‌ಪೋರ್ಟ್ ತೆಗೆದುಕೊಂಡಳು. ಮಲೇಷ್ಯಾದವರ ಆನ್‌ಲೈನ್ ಅರೈವಲ್ ಕಾರ್ಡ್ ಕೇಳಿದಳು. ಅದನ್ನು ಅಲ್ಲಿಗೆ ತಲುಪುವ ಮುಂಚಿನ ಮೂರು ದಿನದ ಒಳಗೆ ತುಂಬಬೇಕು, ನಾನು ತುಂಬಿದ್ದೆ, ತೋರಿಸಿದೆ. ಆಮೇಲೆ ಏನೋ ಟೈಪ್ ಮಾಡಿ ತಲೆ ಎತ್ತಿದಳು.

"ರಿಟರ್ನ್ ಟಿಕೆಟ್ ತೋರಿಸಿ ಸಾರ್."

"ಮಾಡಿಸಿಲ್ಲಮ್ಮ."

"ಆನ್‌ವರ್ಡ್ ಟಿಕೆಟ್?"

ಗಾಬರಿಯಾದರೆ ಚಿಕ್ಕಪ್ಪನಿಗೆ ತೆಲುಗು ಬರುತ್ತದೆ. ನಮ್ಮ ಕಡೆ ಅದೇನೂ ವಿಶೇಷವಲ್ಲ. "ಏಮಂಟುಂದ್ರಾ ಈ ಅಮ್ಮಾಯಿ?" ಎಂದು ನನ್ನ ಕಡೆ ತಿರುಗಿದರು.

"ಮಲೇಷ್ಯಾದಿಂದ ಆಚೆ ಹೋಗೋ ಟಿಕೆಟ್ ಕೇಳ್ತಿದ್ದಾರೆ."

"ಇನ್ನೂ ಒಳಗೇ ಹೋಗಿಲ್ವಲ್ಲೋ!"

ಆ ಹುಡುಗಿಯ ತಪ್ಪೇನೂ ಇಲ್ಲ. ಅವಳ ಮುಂದಿರುವ ಕಂಪ್ಯೂಟರಿನಲ್ಲಿ ಟೈಮ್ಯಾಟಿಕ್ ಎಂಬ ಒಂದು ವ್ಯವಸ್ಥೆ ಇರುತ್ತದೆ. ವಿಮಾನ ಕಂಪನಿಗಳ ಸಂಘ ಐಯಾಟಾ ನಡೆಸುವುದು. ಯಾವ ದೇಶದ ಪಾಸ್‌ಪೋರ್ಟು, ಯಾವ ದೇಶಕ್ಕೆ ಪ್ರಯಾಣ ಎಂದು ಹಾಕಿದರೆ ಏನೇನು ಕಾಗದ ಬೇಕು ಎಂದು ಅದು ಹೇಳುತ್ತದೆ. ಅದು ಬೇಕು ಎಂದರೆ ಬೇಕು. ಇವಳು ಸುಮ್ನೆ ಬಿಟ್ಟು ಕಳಿಸಿ, ಅಲ್ಲಿನ ಇಮಿಗ್ರೇಷನ್‌ನವರು ನಮ್ಮನ್ನು ಒಳಗೆ ಬಿಡದೆ ಹೋದರೆ, ವಾಪಸ್ ಹೊತ್ತು ತರುವ ಜವಾಬ್ದಾರಿ ವಿಮಾನ ಕಂಪನಿಯದೇ. ಎಷ್ಟೋ ದೇಶಗಳು ಕಂಪನಿಗೆ ದಂಡವನ್ನೂ ಹಾಕುತ್ತವೆ. ವೀಸಾ ಇದ್ದಿದ್ದರೆ ಯಾರೋ ಎಂಬೆಸಿಯವರು ನಮ್ಮ ಜಾತಕ ಮೊದಲೇ ನೋಡಿರುತ್ತಿದ್ದರು. ವೀಸಾ ಬೇಡ ಅಂದಾಗ ಆ ಕೆಲಸ ಸೀದಾ ಕೌಂಟರಿನ ಹುಡುಗಿಯ ತಲೆಗೆ ಬಂತು. ಅವಳ ಬಳಿ ಇರುವುದು ಒಂದೇ ಪ್ರಶ್ನೆ. ಹೋದವರು ಹೊರಡುತ್ತಾರಾ?

ಚಿಕ್ಕಪ್ಪನ ಬಳಿ ಇದಕ್ಕೆ ಉತ್ತರ ಇತ್ತು. ಕೈಚೀಲದಿಂದ ಫೈಲು ಹೊರಗೆ ಬಂತು. ಅದನ್ನು ಅವರು ವಿದೇಶಕ್ಕೂ ತಂದಿದ್ದರು! ಮನೆಯಲ್ಲಿ ಬಿಟ್ಟರೆ ದಾಯಾದಿಗಳು ಏನು ಮಾಡುತ್ತಾರೋ ಎಂಬ ಭಯ. ಮೊದಲು ಪಹಣಿ ಇಟ್ಟರು. ಆಮೇಲೆ ಮ್ಯುಟೇಶನ್. ಆಮೇಲೆ ಕಂದಾಯ ಕಟ್ಟಿದ ರಸೀದಿ, ಅಂಚು ಹರಿದು ಟೇಪ್ ಹಾಕಿದ್ದು. ಕೊನೆಗೆ ಕೋರ್ಟಿನ ಆರ್ಡರ್ ಶೀಟಿನ ನಕಲು. ಒಂದೊಂದನ್ನೂ ಅಂಗೈಯಲ್ಲಿ ನೀವಿ, ಬೋರ್ಡಿಂಗ್ ಪಾಸ್ ಕೊಡುವ ಜಾಗದಲ್ಲಿ ಜೋಡಿಸಿದರು.

"ನೋಡಮ್ಮ, ಎರಡು ಎಕರೆ ಜಮೀನಿದೆ. ಕೇಸು ನಡೀತಾ ಇದೆ. ಇದನ್ನ ಬಿಟ್ಟು ನಾನು ಅಲ್ಲೇ ಉಳ್ಕೊಂಡರೆ ನಮ್ಮಣ್ಣನ ಮಕ್ಕಳು ಹಾಲು ಕುಡೀತಾರೆ. ನಾನು ಬರದೆ ಇರ್ತೀನಾ?"

ತರ್ಕ ನೋಡಿದರೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಟಿಕೆಟ್ ಇದ್ದವನು ಟಿಕೆಟ್ ಬಿಟ್ಟು ಉಳಿದುಬಿಡಬಹುದು. ಭಾಗದ ಕೇಸು ಇದ್ದವನು ಸತ್ತರೂ ವಾಪಸ್ ಬರುತ್ತಾನೆ. ಆದರೆ ಟೈಮ್ಯಾಟಿಕ್‌ನಲ್ಲಿ ಪಹಣಿಗೆ ಕಾಲಂ ಇಲ್ಲ. ಹುಡುಗಿ ಪಹಣಿಯನ್ನು ಗೌರವದಿಂದಲೇ ಎರಡು ಕೈಯಲ್ಲಿ ಹಿಡಿದು ವಾಪಸ್ ಕೊಟ್ಟಳು. ಹಿಂದೆ ಕ್ಯೂನಲ್ಲಿದ್ದ ಒಬ್ಬರು "ಯಾವ ಹೋಬಳಿ?" ಎಂದು ಕೇಳಿದರು. ಪಹಣಿ ಕಂಡರೆ ನಮ್ಮವರಿಗೆ ತಡೆಯೋಕೆ ಆಗಲ್ಲ.

ಕೌಂಟರಿಗೆ ಬಂದಾಗಿನಿಂದ ಚಿಕ್ಕಮ್ಮ ಮಾತೇ ಆಡಿರಲಿಲ್ಲ. ಈಗ ಮುಂದೆ ಬಂದು, "ಬರ್ತೀವಮ್ಮ, ಬರದೆ ಏನು? ಹಸು ಯಾರು ಹಿಂಡ್ತಾರೆ?" ಎಂದರು. ಹುಡುಗಿ ನಕ್ಕಳು. ಆದರೂ ಟಿಕೆಟ್ ಬೇಕು ಎಂದಳು. ಕೌಂಟರ್ ಮುಚ್ಚುವುದರೊಳಗೆ ಮಾಡಿಸಿಕೊಂಡು ಬನ್ನಿ, ನೇರ ನನ್ನ ಹತ್ತಿರವೇ ಬನ್ನಿ ಎಂದೂ ಹೇಳಿದಳು.

ಪಕ್ಕಕ್ಕೆ ನಿಂತು ಲೆಕ್ಕ ಹಾಕಿದೆ. ಬೆಂಗಳೂರಿಗೆ ಪೂರ್ತಿ ದುಡ್ಡು ವಾಪಸ್ ಬರುವ ಟಿಕೆಟ್ ತೆಗೆದು ಆಮೇಲೆ ಕ್ಯಾನ್ಸಲ್ ಮಾಡಬಹುದು. ಆದರೆ ಅಂಥ ಟಿಕೆಟ್ ದುಬಾರಿ, ರೀಫಂಡ್ ಬರುವವರೆಗೆ ಮೂರು ಜನದ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಕೆಲವು ಏಜೆಂಟರು ದುಡ್ಡು ಕಟ್ಟುವ ಮುಂಚೆಯೇ ಸೀಟು ಹಿಡಿದಿಟ್ಟು ಪಿಎನ್‌ಆರ್ ಕೊಡುತ್ತಾರೆ, ಆದರೆ ಆ ಹೊತ್ತಲ್ಲಿ ಯಾವ ಏಜೆಂಟು ಎದ್ದಿರುತ್ತಾನೆ? ಇನ್ನು ಡಮ್ಮಿ ಟಿಕೆಟ್ ಮಾರುವವರಿದ್ದಾರೆ. ಅದರಲ್ಲಿ ಕೆಲವು ಬರೀ ಬಣ್ಣದ ಪಿಡಿಎಫ್. ಪಿಎನ್‌ಆರ್ ಹಾಕಿ ನೋಡಿದರೆ ಬಣ್ಣ ಬಯಲು. ಒಂದು ಕೇಸು ಸಾಕು, ಫೋರ್ಜರಿ ಕೇಸೂ ಬೇಡ.

ಹೊರಡುವ ಟಿಕೆಟ್ ಅಂದರೆ ಊರಿಗೇ ಬರುವ ಟಿಕೆಟ್ ಆಗಬೇಕಿಲ್ಲ. ಮಲೇಷ್ಯಾ ಬಿಟ್ಟರೆ ಸಾಕು, ನಮ್ಮನ್ನು ಒಳಗೆ ಬಿಟ್ಟುಕೊಳ್ಳುವ ಯಾವ ದೇಶಕ್ಕಾದರೂ ನಡೆಯುತ್ತದೆ. 30 ದಿನದ ಒಳಗಿನ ತಾರೀಕು ಇರಬೇಕು, ಅಷ್ಟೇ. ಹುಡುಕಿದರೆ ಥಾಯ್ಲೆಂಡಿನ ಫುಕೆಟ್‌ಗೆ ಸೋವಿಯಲ್ಲಿ ಸಿಕ್ಕಿತು. ಹುಡುಗಿಯನ್ನು ಕೇಳಿದೆ, ಆಗುತ್ತದೆ ಎಂದಳು.

"ಯಾವ ತಾರೀಕು ಹಾಕಲಿ ಚಿಕ್ಕಪ್ಪ?"

"ತಾರೀಕು ಹೇಳೋಕೆ ಆಗಲ್ಲ ಅಂದೆನಲ್ಲ."

"ಇದು ವಾಯಿದೆ ಇದ್ದಹಾಗೆ. ಬರೆಸಿಕೊಂಡರೆ ಸಾಕು, ಹಾಜರಾಗಬೇಕು ಅಂತೇನಿಲ್ಲ."

ಅವರ ಮುಖ ಅರಳಿತು. ಇಡೀ ಅಂತಾರಾಷ್ಟ್ರೀಯ ವಿಮಾನಯಾನ ಅವರಿಗೆ ಅರ್ಥವಾದದ್ದು ಆ ಕ್ಷಣದಲ್ಲಿ. ತಕ್ಷಣ ಒಂದು ತಾರೀಕು ಹೇಳಿದರು. ಅಮಾವಾಸ್ಯೆ ಅಲ್ಲ ತಾನೇ ಎಂದು ಚಿಕ್ಕಮ್ಮನನ್ನೂ ಕೇಳಿದರು.

ದುಡ್ಡು ಕಟ್ಟೋಣ ಎಂದರೆ ಕಾರ್ಡು ಒಲ್ಲೆ ಎಂದಿತು. ಅದು ಹೊಸ ಕಾರ್ಡು. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಬಂದ್ ಆಗಿಯೇ ಬರುತ್ತದೆ, ನಾವೇ ಆ್ಯಪ್‌ಗೆ ಹೋಗಿ ಆನ್ ಮಾಡಬೇಕು. ಒಳ್ಳೆಯ ನಿಯಮ, ಕಳ್ಳರಿಂದ ಕಾಪಾಡುತ್ತದೆ. ಆ ರಾತ್ರಿ ಫುಕೆಟ್‌ನಿಂದಲೂ ಕಾಪಾಡಿತು. ಆ್ಯಪ್ ತೆರೆದರೆ ಅಪ್‌ಡೇಟ್ ಕೇಳಿತು. ಅಪ್‌ಡೇಟ್ ಆದ ಮೇಲೆ ಒಟಿಪಿ. ಒಟಿಪಿ ಬರುವ ಬದಲು ತಂಗಿಯ ಫೋನ್ ಬಂತು. ಮಲೇಷ್ಯಾ ನಮಗಿಂತ ಎರಡೂವರೆ ಗಂಟೆ ಮುಂದೆ, ಅಲ್ಲಿ ಸರಿರಾತ್ರಿ ದಾಟಿತ್ತು. "ವಿಮಾನ ಹತ್ತಿದಿರಾ?" ಎಂದಳು. "ಇಲ್ಲಮ್ಮ, ನಾವು ಫುಕೆಟ್‌ಗೆ ಹೋಗ್ತಿದೀವಿ" ಎಂದು ಚಿಕ್ಕಪ್ಪ ಫೋನ್ ಕಿತ್ತುಕೊಂಡು ಹೇಳಿದರು. ಆ ಕಡೆ ಅವಳು ಕಿರುಚಿದ್ದು ಸ್ಪೀಕರ್ ಹಾಕದೆಯೂ ಕೇಳಿಸಿತು. ಅವಳು ಫೋನ್ ಇಡುವಷ್ಟರಲ್ಲಿ ಒಟಿಪಿ ಬಂದು ಅವಧಿ ಮುಗಿಸಿಕೊಂಡು ಹೋಗಿತ್ತು. ಮತ್ತೊಂದು ತರಿಸಿಕೊಂಡು, ಫೋನನ್ನು ಚಿಕ್ಕಪ್ಪನಿಂದ ದೂರ ಹಿಡಿದು, ಮುಗಿಸಿದೆ. ಹುಡುಗಿ ಆರು ಅಕ್ಷರದ ಪಿಎನ್‌ಆರ್ ನೋಡಿದಳು, ಬೋರ್ಡಿಂಗ್ ಪಾಸ್ ಕೊಟ್ಟಳು. ಮುಗಿಯಿತು.

ಕ್ವಾಲಾಲಂಪುರದ ಇಮಿಗ್ರೇಷನ್ ಅಧಿಕಾರಿ ಏನೂ ಕೇಳಲಿಲ್ಲ. ಬೆರಳಚ್ಚು ತೆಗೆದುಕೊಂಡರು, ಮುದ್ರೆ ಒತ್ತಿದರು, ಮುಂದಿನವರನ್ನು ಕರೆದರು. ಚಿಕ್ಕಪ್ಪ ಕದಲಲಿಲ್ಲ. "ತೋರಿಸೋ, ಫುಕೆಟ್ ತೋರಿಸೋ" ಎಂದು ನನ್ನನ್ನು ತಿವಿದರು. ನಾನು ಫೋನ್ ಎತ್ತಿ ಹಿಡಿದೆ. ಅಧಿಕಾರಿ ಬೇಡ ಎಂದು ಕೈ ಆಡಿಸಿದರು. ಇದು ಚಿಕ್ಕಪ್ಪನಿಗೆ ಬಹಳ ಅವಮಾನವಾಯಿತು. ದುಡ್ಡು ಕೊಟ್ಟು ತಂದ ಸಾಕ್ಷಿಯನ್ನು ನೋಡುವವರೇ ಇಲ್ಲ ಅಂದರೆ ಹೇಗೆ?

ಮಗಳ ಮನೆಯಲ್ಲಿ ಒಂದು ದಿನ ವಕೀಲರ ಫೋನ್ ಬಂತು. ವಾಯಿದೆ ದೂರಕ್ಕೆ ಬಿದ್ದಿತ್ತು. ಅಷ್ಟು ಹೊತ್ತಿಗೆ ಫುಕೆಟ್ ಟಿಕೆಟ್ ಕ್ಯಾನ್ಸಲ್ ಮಾಡಿದರೆ ಬಿಡಿಗಾಸೂ ಬರುವುದಿಲ್ಲ ಎಂಬುದು ಚಿಕ್ಕಪ್ಪನಿಗೆ ತಿಳಿದಿತ್ತು. "ದುಡ್ಡು ಕೊಟ್ಟಾಗಿದೆ. ಹೋಗೋಣ" ಎಂದರು. ಚಿಕ್ಕಮ್ಮ ಸಮುದ್ರ ನೋಡಿದ ಹಾಗೂ ಆಯಿತು ಎಂದರು. ಫುಕೆಟ್‌ನಿಂದ ಬೆಂಗಳೂರಿಗೆ ಟಿಕೆಟ್ ಮಾಡಿಸಿದೆವು, ಈ ಸಲ ಅವರೇ ಕೇಳಿ. ಥಾಯ್ಲೆಂಡಿಗೆ 2025ರ ಮೇ 1ರಿಂದ ಬೇರೆ ಡಿಜಿಟಲ್ ಅರೈವಲ್ ಕಾರ್ಡು ಬೇಕು, ಅದನ್ನೂ ತುಂಬಿದೆ. ಎಲ್ಲ ಫೋನಿನಲ್ಲೇ ಇತ್ತು. ಚಿಕ್ಕಪ್ಪ ಒಪ್ಪಲಿಲ್ಲ. ಅಳಿಯನ ಪ್ರಿಂಟರಿನಲ್ಲಿ ಎಲ್ಲದರದೂ ಮೂರು ಮೂರು ಸೆಟ್ ತೆಗೆಸಿ, ಪಿನ್ ಹೊಡೆಸಿ, ಪ್ರತಿ ಹಾಳೆಯ ಕೆಳಗೆ ತಾವೇ ಸಹಿ ಹಾಕಿದರು.

ಕ್ವಾಲಾಲಂಪುರದ ಕೌಂಟರಿನಲ್ಲಿದ್ದಾಕೆ ಪಾಸ್‌ಪೋರ್ಟ್ ಕೈಗೆತ್ತಿಕೊಳ್ಳುವ ಮುಂಚೆಯೇ ಒಂದು ಸೆಟ್ ಅವಳ ಮುಂದೆ ಬಂತು. ಅವಳು ಒಂದು ಹಾಳೆ ನೋಡಿ ವಾಪಸ್ ಕೊಟ್ಟಳು. ಚಿಕ್ಕಪ್ಪ ತೆಗೆದುಕೊಳ್ಳಲಿಲ್ಲ. "ಅದು ಆಫೀಸ್ ಕಾಪಿ. ಇಟ್ಕೊಳ್ಳಮ್ಮ" ಎಂದು ಕನ್ನಡದಲ್ಲೇ ಹೇಳಿ ಎರಡನೇ ಸೆಟ್ ಮುಂದಿಟ್ಟರು. "ಇದಕ್ಕೆ ಒಂದು ಸೀಲ್ ಹಾಕ್ಕೊಡು." ನಾನು ಇಂಗ್ಲಿಷಿನಲ್ಲಿ ಏನು ಹೇಳಲಿ ಎಂದು ಒದ್ದಾಡುತ್ತಿದ್ದೆ. ಹಿಂದೆ ಕ್ಯೂ ಬೆಳೆಯುತ್ತಿತ್ತು. ಅವಳು ಅವರ ಬೆರಳು ತೋರಿಸುತ್ತಿದ್ದ ಖಾಲಿ ಜಾಗ ನೋಡಿದಳು, ಅವರ ಮುಖ ನೋಡಿದಳು, ಡ್ರಾಯರ್ ಎಳೆದು, ಗಾಜಿನ ಸಾಮಾನಿನ ಪೆಟ್ಟಿಗೆಗೆ ಅಂಟಿಸುವ ಕೆಂಪು ಫ್ರಾಜೈಲ್ ಸ್ಟಿಕರ್ ಒಂದನ್ನು ಸರಿಯಾಗಿ ಅಲ್ಲಿಗೇ ಅಂಟಿಸಿ ಕೊಟ್ಟಳು.

ಚಿಕ್ಕಪ್ಪ ಅದನ್ನು ದೂರ ಹಿಡಿದು ನೋಡಿ, "ಥ್ಯಾಂಕ್ಸ್ ಮೇಡಂ" ಎಂದರು.