ಅನ್ನ ಬಿಡಿಸಿದಿರಿ, ಗೊರಕೆ ಕೇಳಿದಿರಾ?

ಇವತ್ತು ಬೆಳಿಗ್ಗೆ ಪಾರ್ಕಿನ ಗೇಟ್ ಹತ್ತಿರ ಶಾಮಿಯಾನ ಹಾಕಿ ಉಚಿತ ಶುಗರ್ ಟೆಸ್ಟ್ ನಡೀತಿತ್ತು. ಕೊರಳಲ್ಲಿ ಐಡಿ ಕಾರ್ಡ್, ಕಣ್ಣು ಕೆಂಪು, ಆಗಷ್ಟೇ ನೈಟ್ ಶಿಫ್ಟ್ ಮುಗಿಸಿ ಬಂದ ಹುಡುಗ. ಫಾಸ್ಟಿಂಗ್ ಶುಗರ್ 118 ಬಂತು, ಇರಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ. 'ಅನ್ನ ಬಿಡಿ, ಮುದ್ದೆ ತಿನ್ನಿ.' ಮುಗೀತು. ರಾತ್ರಿ ನಿದ್ದೆ ಮಾಡಿದೆಯೇನಪ್ಪ ಅಂತ ಒಬ್ಬರೂ ಕೇಳಲಿಲ್ಲ. ಫಾಸ್ಟಿಂಗ್ ಅಂದರೆ ಕನಿಷ್ಠ ಎಂಟು ಗಂಟೆ ಖಾಲಿ ಹೊಟ್ಟೆ. ನಡುರಾತ್ರಿ ಏನಾದರೂ ತಿಂದಿದ್ದರೆ ಆ 118ಕ್ಕೆ ಏನರ್ಥ? ಚೆನ್ನಾಗಿ ಮಲಗಿದ ಇನ್ನೊಂದು ದಿನ ಲ್ಯಾಬಿನಲ್ಲಿ ಫಾಸ್ಟಿಂಗ್ ಜೊತೆಗೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ಮಾಡಿಸು ಅನ್ನಬೇಕಿತ್ತು.

ನಿದ್ದೆಗೆಟ್ಟರೆ ಶುಗರ್ ಏರುತ್ತೆ ಅನ್ನೋದೇನು ಹೊಸ ವಿಷಯವೇ? 1999ರಲ್ಲೇ ಶಿಕಾಗೊ ವಿಶ್ವವಿದ್ಯಾಲಯದವರು 11 ಜನ ಗಟ್ಟಿಮುಟ್ಟಾದ ಯುವಕರಿಗೆ ಆರು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟು ನೋಡಿದ್ದರು. ನಿದ್ದೆಯ ಬಾಕಿ ತೀರಿಸಿಕೊಂಡ ದಿನಗಳಿಗೆ ಹೋಲಿಸಿದರೆ ರಕ್ತದಿಂದ ಗ್ಲೂಕೋಸ್ ಇಳಿಯುವ ವೇಗ ಸುಮಾರು 40% ಕಮ್ಮಿ. ಸಂಜೆ ಇಳಿಯಬೇಕಾದ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಆಗಲೂ ಹೆಚ್ಚೇ ಇತ್ತು. ನಿದ್ದೆಗೆಟ್ಟ ಮೈಯಲ್ಲಿ ಸ್ನಾಯು, ಕೊಬ್ಬು ಎರಡೂ ಶುಗರ್ ಇಳಿಸುವ ಇನ್ಸುಲಿನ್ ಹಾರ್ಮೋನಿನ ಮಾತು ಕೇಳಲ್ಲ. ಅಷ್ಟೇ ಅನ್ನಕ್ಕೆ ಶುಗರ್ ಜಾಸ್ತಿ.

'ನಾನು ಎಂಟು ಗಂಟೆ ಮಲಗ್ತೀನಲ್ಲ' ಅನ್ನೋರಿಗೆ: ಅದೇ ವಿಶ್ವವಿದ್ಯಾಲಯ 2008ರಲ್ಲಿ ಒಂಬತ್ತು ಜನರ ನಿದ್ದೆಯ ಅವಧಿ ಮುಟ್ಟದೆ, ಸದ್ದು ಮಾಡಿ ಗಾಢನಿದ್ದೆಯನ್ನಷ್ಟೇ ಮೂರು ರಾತ್ರಿ ಕೆಡಿಸಿತು. ಇನ್ಸುಲಿನ್‌ಗೆ ಮೈ ಸ್ಪಂದಿಸೋದು ಸುಮಾರು 25% ಕುಸಿಯಿತು. ಗೊರಕೆ ಹೊಡೆಯುತ್ತಾ ಮಧ್ಯೆ ಮಧ್ಯೆ ಉಸಿರು ನಿಲ್ಲುವವರಿಗೆ ಈ ಸದ್ದು ಗಂಟಲೊಳಗೇ ಇದೆ. ಕತ್ತಿನ ಸುತ್ತಳತೆ 40 ಸೆಂ.ಮೀ. ದಾಟಿದೆಯಾ? ಸಿಗ್ನಲ್‌ನಲ್ಲಿ ತೂಕಡಿಕೆ ಬರುತ್ತಾ? ಪಕ್ಕದಲ್ಲಿ ಮಲಗೋರು ಏನಂತಾರೆ? ರಾತ್ರಿ ಮೂರು ಸಲ ಮೂತ್ರಕ್ಕೆ ಏಳೋದು ಶುಗರ್‌ನಿಂದಲೂ ಇರಬಹುದು, ಉಸಿರು ಕಟ್ಟೋದರಿಂದಲೂ ಇರಬಹುದು. ಸ್ಲೀಪ್ ಸ್ಟಡಿ (ಮಲಗಿದಾಗ ನಿದ್ದೆ, ಉಸಿರಾಟ ಅಳೆಯುವ ಪರೀಕ್ಷೆ) ಮಾಡಿಸದೆ ಗೊತ್ತಾಗಲ್ಲ. (ಗೊರಕೆ ಅಂದರೆ ನಗೋದು ನಮಗೆ ಅಭ್ಯಾಸ. ನಾನೂ ನಕ್ಕವನೇ.)

ತೂಕ, ವಂಶ, ತಟ್ಟೆ ತುಂಬ ಅನ್ನ, ಇವೂ ಕಾರಣವಲ್ಲವೇ? ಹೌದು ಸ್ವಾಮಿ, ಯಾರು ಅಲ್ಲ ಅಂದರು? ಅದನ್ನು ಎಲ್ಲರೂ ಕೇಳ್ತಾರೆ, ನಿದ್ದೆ ಯಾರೂ ಕೇಳಲ್ಲ. ಭಾನುವಾರ ಮಧ್ಯಾಹ್ನದವರೆಗೆ ಹೊದ್ದು ಮಲಗಿ ಸರಿದೂಗಿಸ್ತೀವಿ ಅನ್ನೋದೂ ಬೇಡ. 2019ರಲ್ಲಿ ಕೊಲರಾಡೊದಲ್ಲಿ ಅದನ್ನೂ ನೋಡಿದರು: ವಾರಾಂತ್ಯ ಬೇಕಾದಷ್ಟು ಮಲಗಿದವರು ಮತ್ತೆ ರಾತ್ರಿಗೆ ಐದು ಗಂಟೆ ನಿದ್ದೆಗೆ ಇಳಿದಾಗ ಇನ್ಸುಲಿನ್ ಸ್ಪಂದನೆ ಕೆಟ್ಟೇ ಇತ್ತು. ಇನ್ನು ಹತ್ತೂವರೆಗೆ ಉಂಡು ಹನ್ನೊಂದಕ್ಕೆ ಮಲಗೋರು. ಆ ಹೊತ್ತಿಗೆ ಏರುವ ನಿದ್ದೆಯ ಹಾರ್ಮೋನು ಮೆಲಟೋನಿನ್ ಇನ್ಸುಲಿನ್ ಸ್ರಾವವನ್ನು ತಗ್ಗಿಸುತ್ತೆ. ಊಟಕ್ಕೂ ಹಾಸಿಗೆಗೂ ಎರಡು-ಮೂರು ಗಂಟೆ ಅಂತರ ಬೇಕು.

ಕ್ಯಾಂಪಿನ ಫಾರಂನಲ್ಲಿ ಬೀಡಿ, ಸಿಗರೇಟು, ಸಕ್ಕರೆ, ವಾಕಿಂಗ್ ಎಲ್ಲಕ್ಕೂ ಕಾಲಂ ಇತ್ತು. ಹುಡುಗ ಕೊನೆಗೆ ಕೇಳಿದ, 'ಮುದ್ದೆ ಬದಲು ಚಪಾತಿ ಆಗುತ್ತಾ ಮೇಡಂ?' ಎರಡು ತಿನ್ನಿ ಅಂದರು. ಆಕಳಿಸುತ್ತಾ ಹೋದ.